ಮಸಿ ನುಂಗಿದ್ದು

ಬದರಿ ಶೆಟ್ಟರ ಜವಳಿ ಅಂಗಡಿಯಲ್ಲಿ
ಗಲ್ಲಾಪೆಟ್ಟಿಗೆಯ ಹಿಂದೆ, ಊದುಬತ್ತಿಯ ಹೊಗೆಗೆ
ಒಂದು ಮೂಲೆ ಹಳದಿಯಾದ ಚಿತ್ರ.
ಬರೀ ಕಪ್ಪು ಮಸಿ, ಬಿಳಿ ಹಾಳೆ,
ನಡುವೆ ಕೋಲಾರದ ದೊಡ್ಡಪೇಟೆ.
ಕೆಳಗೆ ಇರುವೆ ಸಾಲಿನಂಥ ರುಜು:
ರಾಮಾಂಜಿನಪ್ಪ, ಡ್ರಾಯಿಂಗ್ ಮೇಷ್ಟ್ರು.

ಟವೆಲ್ಲು ಕೊಳ್ಳಲು ಹೋದವನು ನಾನು.
ಚಿಲ್ಲರೆ ಎಣಿಸುತ್ತ ಶೆಟ್ಟರೇ ತೋರಿಸಿದರು:
"ನೋಡಿ, ಹಳೇ ಪೇಟೆ. ಆಗಿನ ಜನ."
ನೋಡದೆ ಇರುವುದಾದರೂ ಹೇಗೆ?
ಆ ದಿನ ಮಸಿ ಕುಡಿಕೆ ಹಿಡಿದು
ಮೇಷ್ಟ್ರ ಪಕ್ಕ ಮೊಳಕಾಲೂರಿದ್ದವನು ನಾನೇ.
ಏಳನೇ ಕ್ಲಾಸು. ಜೇಬು ಹರಿದ ಚಡ್ಡಿ.

ಅಲ್ಲಿದ್ದಾನೆ ಕಲಾಯಿ ಗೌಸು,
ತಿದಿಯ ಮುಂದೆ ಕುಕ್ಕರಗಾಲಲ್ಲಿ.
ಕಾದ ಪಾತ್ರೆಗೆ ಅವನು ನವಸಾಗರ ಉಜ್ಜಿದರೆ
ಬೀದಿಗೆ ಬೀದಿಯೇ ಸೀನುತ್ತಿತ್ತು.
ಸೀನು ಬರೆಯಲು ಬರುವುದಿಲ್ಲವೆಂದು ಮೇಷ್ಟ್ರು
ಜಗುಲಿಯ ಮುದುಕನ ಮೂಗಿಗೆ ಪಂಚೆಯ ಚುಂಗು ಕೊಟ್ಟಿದ್ದಾರೆ.
ಸಾಣೆಯವನ ಚಕ್ರದಿಂದ ಹಾರುವ ಕಿಡಿಗೆ ಮಸಿಯೇ ಮುಟ್ಟಿಸಿಲ್ಲ,
ಹಾಳೆಯನ್ನು ಹಾಗೇ ಬಿಟ್ಟಿದ್ದಾರೆ.
ಬಳೆ ಮಲಾರದ ಮುಂದೆ ಕೈ ಚಾಚಿದವಳು
ಮುಖ ಆಚೆ ತಿರುಗಿಸಿದ್ದಾಳೆ,
ನೋವೆಲ್ಲ ಮೊಣಕೈಯ ಒಂದೇ ಗೆರೆಯಲ್ಲಿ.
ಗಾಜು ಹಸಿರೋ ಕೆಂಪೋ ಕೇಳಬೇಡಿ:
ಎಲ್ಲ ಬಣ್ಣ ಮಸಿ ನುಂಗಿತು.

ಆಮೇಲೆ ಆ ನಾಯಿ.
ತಿದಿಯ ಪಕ್ಕ ಮುದುಡಿ ಮಲಗಿದ ಕರೀ ನಾಯಿ.
"ಅಯ್ಯೋ, ಇದನ್ನ ಮರೆಯೋದುಂಟೆ!" ಅಂದರು ಶೆಟ್ಟರು.
"ಗೌಸ್ ಸಾಬಿ ಸಾಕಿದ್ದು. ಕಾಳ ಅಂತ ಹೆಸರು.
ಒಂದು ಸಲ ನಮ್ಮಪ್ಪನ ಚಪ್ಪಲಿ ಕಚ್ಚಿಕೊಂಡು ಓಡಿತ್ತು."
ಸೀರೆ ಮಡಿಸುತ್ತಿದ್ದ ಹುಡುಗಿಯೂ
"ನಮ್ಮಜ್ಜಿ ಹೇಳೋರು ಸಾರ್" ಅಂದಳು.

ಆ ಬೀದಿಯಲ್ಲಿ ನಾಯಿ ಇರಲಿಲ್ಲ.

ಅಲ್ಲಿ ಕೂತಿದ್ದವಳು ಮುನಿತಾಯಮ್ಮ.
ತೇರಹಳ್ಳಿ ಬೆಟ್ಟದಿಂದ, ಇನ್ನೂ ಮಬ್ಬಿರುವಾಗಲೇ
ಅಂತರಗಂಗೆಯ ಮೆಟ್ಟಿಲಿಳಿದು ಬರುತ್ತಿದ್ದಳು,
ತಲೆಯ ಮೇಲೆ ಬೆರಕೆ ಸೊಪ್ಪಿನ ಮಂಕರಿ,
ಕತ್ತಿನ ಮೇಲೆ ಇಳಿಯುವ ಇಬ್ಬನಿ ನೀರು.
ಅಣ್ಣೆ, ಕನ್ನೆ, ಕಿರಕಸಾಲೆ, ಇನ್ನೂ ಏನೇನೋ.
ಒಂದೊಂದರ ಹೆಸರು ಕೇಳಿದರೆ ಬೈಗುಳ:
"ತಿನ್ನೋಕೆ ಹೆಸ್ರು ಯಾಕಪ್ಪಾ, ಬಸ್ದು ಉಣ್ಣು ಓಗು."
ಕಾಸಿಲ್ಲದ ದಿನ ಅಮ್ಮನಿಗೆ ಒಂದು ಹಿಡಿ ಜಾಸ್ತಿ.
ಸಾಲದ ಲೆಕ್ಕ ನಮ್ಮ ಗೋಡೆಯ ಮೇಲೆ, ಸುಣ್ಣದ ಗೀಟು.
ಎಳೆಯುತ್ತಿದ್ದವಳು ಅವಳೇ,
ಸೆರಗಲ್ಲಿ ಒರೆಸಿಬಿಡುತ್ತಿದ್ದವಳೂ ಅವಳೇ.

ಮೇಷ್ಟ್ರು ಮೊದಲು ಬರೆದದ್ದು ಅವಳನ್ನು.
ಬೆಳಗಿನ ಹೊತ್ತೆಲ್ಲ ಅದೇ ಕೆಲಸ. ಹುಬ್ಬಿನ ಗಂಟು,
ಓಲೆ ಇಲ್ಲದೆಯೂ ಜೋತ ಕಿವಿಯ ತೂತು,
ಮಂಡಿಯ ಮೇಲೆ ಮರೆತು ಬಿಟ್ಟಂತಿದ್ದ ಬಲಗೈ.
ಆಗ ಐಸ್‌ಕ್ಯಾಂಡಿಯವನ ಗಂಟೆ.
ನಾನು ತಿರುಗಿದೆ.
ಕುಡಿಕೆಯೂ.

ಮೇಷ್ಟ್ರು ಹೊಡೆಯಲಿಲ್ಲ. ಹೊಡೆದಿದ್ದರೆ ಮರೆಯುತ್ತಿದ್ದೆ.
ಆರುವ ಮೊದಲೇ ಬೆರಳಲ್ಲಿ ಬಾಲ ಎಳೆದರು,
ಉಗುರಲ್ಲಿ ಕಿವಿ ಕೆರೆದರು.
"ಹೋಗಲಿ ಬಿಡು, ಪೇಟೆ ಅಂದಮೇಲೆ ಒಂದು ನಾಯಿ ಬೇಕು."
ಮುನಿತಾಯಮ್ಮ ಬಗ್ಗಿ ನೋಡಿ
ಎಲೆಯಡಿಕೆಯ ಬಾಯಲ್ಲಿ ನಕ್ಕಳು:
"ನನ್ಗಿಂತ ಅದೇ ಅಂದವಾಗೈತೆ ಸಾಮಿ."
ಮಧ್ಯಾಹ್ನ ಬರಿ ಮಂಕರಿ ಕೊಡವಿ ಬೆಟ್ಟ ಹತ್ತಿದಳು.

ಶೆಟ್ಟರಿಗೆ ಹೇಳೋಣವೆಂದು ಬಾಯಿ ತೆರೆದೆ.
ಅಷ್ಟರಲ್ಲಿ ಕಾಳನಿಗೆ ಇನ್ನೊಂದು ಕತೆ ಹುಟ್ಟಿತ್ತು:
ಅದು ಸತ್ತ ದಿನ ಗೌಸ್ ಸಾಬಿ ತಿದಿ ಒತ್ತಲಿಲ್ಲವಂತೆ.
ಅವರ ಕಣ್ಣಂಚು ನಿಜಕ್ಕೂ ಒದ್ದೆಯಾಗಿತ್ತು.
ಕನ್ನಡಕ ತೆಗೆದು, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದೆ.
ನಾಯಿಯ ಕಿವಿಯ ಹಿಂದೆ ಕೂದಲೆಳೆಯಷ್ಟು ಗೆರೆ,
ಮಂಕರಿಯ ಅಂಚು. ಅದರಾಚೆ ಒಂದು ಎಲೆ,
ಅಣ್ಣೆಯೋ ಕನ್ನೆಯೋ,
ಮಸಿ ಅಲ್ಲಿವರೆಗೆ ಹರಿದಿರಲಿಲ್ಲ.

"ಎಷ್ಟಕ್ಕೆ ಕೊಡ್ತೀರಿ ಇದನ್ನ?"
"ಛೆ, ಮಾರೋದಲ್ಲ ಸಾರ್. ಅದಿಲ್ಲದೆ ಗೋಡೆ ಬೋಳು."

ಪೊಟ್ಟಣ ಹಿಡಿದು ಬೀದಿಗಿಳಿದೆ.
ಚಿಲ್ಲರೆಯಲ್ಲಿ ಮೂರು ರೂಪಾಯಿ ಕಡಿಮೆ ಬಂದಿತ್ತು,
ತಿರುಗಿ ಹೋಗಿ ಕೇಳಲಿಲ್ಲ.